ಚಾರ್ಲಿ ಬ್ರೌನ್ ಬರೆದವರು ಡ್ರಾಯಿಂಗ್ ಮೇಷ್ಟ್ರಾಗಿದ್ದರಾ?

ಗೆರೆಪ್ರೇಮಿ:
ನಾನು ಡ್ರಾಯಿಂಗ್ ಟೀಚರ್. ಚರ್ಚಿನ ಯುವಕರ ಪತ್ರಿಕೆಗೆ ಕಾರ್ಟೂನ್ ಬರೆದುಕೊಡಿ ಎಂದು ಕೇಳಿದ್ದಾರೆ. ಬರೆಯಲು ಕೂತರೆ ಬರುವುದೆಲ್ಲ ಉಪದೇಶ, ನಗುವೇ ಇಲ್ಲ! ಸ್ನೂಪಿ ಎಂಬ ನಾಯಿ, ಚಾರ್ಲಿ ಬ್ರೌನ್ ಎಂಬ ಹುಡುಗ ಇರುವ 'ಪೀನಟ್ಸ್' ಕಾರ್ಟೂನ್ ಬರೆದ ಅಮೆರಿಕದ ಚಾರ್ಲ್ಸ್ ಶುಲ್ಜ್ ಕೂಡ ಮೇಷ್ಟ್ರಾಗಿದ್ದರು, ದೈವಭಕ್ತರಾಗಿದ್ದರು ಎಂದು ಕೇಳಿದ್ದೇನೆ. ನಿಜಾನಾ? ಅವರು ಇದನ್ನೆಲ್ಲ ಹೇಗೆ ನಿಭಾಯಿಸಿದರು?

ಹಳೇ ನಿಬ್ಬು:
ನಿಜ. ಆದರೆ ಅವರು ಕ್ಲಾಸಿನಲ್ಲಿ ನಿಂತು ಪಾಠ ಮಾಡಿದವರಲ್ಲ, ಅಂಚೆ ಮೇಷ್ಟ್ರು! ಮಿನಿಯಾಪೊಲಿಸ್‌ನಲ್ಲಿ ಅಂಚೆ ಮೂಲಕ ಚಿತ್ರಕಲೆ ಕಲಿಸುವ ಸಂಸ್ಥೆ ಇತ್ತು. ಹೈಸ್ಕೂಲಿನಲ್ಲಿದ್ದಾಗ ಶುಲ್ಜ್ ಅಲ್ಲೇ ಕಲಿತರು. ಫೀಸು 170 ಡಾಲರ್. ಕ್ಷೌರಿಕರಾಗಿದ್ದ ಅಪ್ಪ ಕಂತಿನಲ್ಲಿ ಕಟ್ಟಿದರು. (ಚಾರ್ಲಿ ಬ್ರೌನ್‌ನ ಅಪ್ಪನೂ ಕ್ಷೌರಿಕ, ಗಮನಿಸಿದ್ದೀರಾ?) ಮಕ್ಕಳ ಚಿತ್ರ ಬರೆಯುವ ಪಾಠದಲ್ಲಿ ಅವರಿಗೆ ಸಿಕ್ಕಿದ್ದು ಸಿ ಪ್ಲಸ್. ಮುಂದೆ ಜೀವನಪೂರ್ತಿ ಬರೆದದ್ದು ಮಕ್ಕಳನ್ನೇ!

ಎರಡನೇ ಮಹಾಯುದ್ಧ ಮುಗಿಸಿ ಬಂದ ಮೇಲೆ, 1946ರಲ್ಲಿ, ಅದೇ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಬೇರೆಯವರು ಕಳಿಸಿದ ಪಾಠಗಳನ್ನು ತಿದ್ದುವುದು. ನನ್ನ ಪ್ರಕಾರ ಅವರ ಗೆರೆ ಪಳಗಿದ್ದು ಅಲ್ಲೇ. ದಿನಾ ಹೊಸಬರ ಕೈ, ಮೂಗು, ಬಟ್ಟೆಯ ಮಡಿಕೆ ತಿದ್ದುತ್ತಾ ಕೂತರೆ ಯಾವ ಗೆರೆ ಬೇಡ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ನೀವೂ ಟೀಚರ್, ನಿಮಗೆ ಹೇಳಬೇಕಾ? ಪೀನಟ್ಸ್‌ನ ಪಾತ್ರಗಳಾದ ಚಾರ್ಲಿ ಬ್ರೌನ್, ಲೈನಸ್, ಫ್ರೀಡಾ, ಇವೆಲ್ಲ ಅಲ್ಲಿನ ಸಹೋದ್ಯೋಗಿಗಳ ಹೆಸರುಗಳು. ಅದೇ ಹೊತ್ತಿಗೆ ಒಂದು ಕ್ಯಾಥೊಲಿಕ್ ಕಾಮಿಕ್ಸ್ ಪತ್ರಿಕೆಗೆ ಮಾತಿನ ಬಲೂನಿನ ಅಕ್ಷರ ಬರೆದುಕೊಡುವ ಕೆಲಸವನ್ನೂ ಮಾಡುತ್ತಿದ್ದರು.

ಈಗ ನಿಮ್ಮ ಉಪದೇಶದ ವಿಷಯ. 1943ರಲ್ಲಿ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಯುದ್ಧದ ನಂತರ ಶುಲ್ಜ್ ಚರ್ಚ್ ಆಫ್ ಗಾಡ್ ಎಂಬ ಕ್ರೈಸ್ತ ಸಭೆಗೆ ಹತ್ತಿರವಾದರು. ಆ ಸಭೆಯ ಯುವಕರ ಪತ್ರಿಕೆಗೆ 1956ರಿಂದ ಕೆಲವು ವರ್ಷ 'ಯಂಗ್ ಪಿಲ್ಲರ್ಸ್' ಎಂಬ ಒಂದೇ ಚೌಕದ ಕಾರ್ಟೂನ್ ಬರೆದರು. ನಿಮಗೆ ಬೇಕಾದದ್ದು ಇದೇ. ಅದರಲ್ಲಿ ಉದ್ದ ಕೈಕಾಲಿನ, ಎಲ್ಲಿ ನಿಲ್ಲಬೇಕೆಂದು ಗೊತ್ತಾಗದ ಹುಡುಗರಿದ್ದಾರೆ. ಅವರೆಲ್ಲ ಭಕ್ತರೇ, ಆದರೂ ಪೆದ್ದರು. ನಗು ಹುಟ್ಟುವುದು ಅವರ ಪೆದ್ದುತನದಿಂದ.

ಅರ್ಧ ರಬ್ಬರ್:
ನಿಬ್ಬು ಸರ್, ಒಂದು ತಕರಾರು. ಕೊನೆಗಾಲದಲ್ಲಿ ಅವರು ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದರು, ತನ್ನನ್ನು ಮಾನವತಾವಾದಿ ಎಂದು ಕರೆದುಕೊಂಡಿದ್ದರು. ಸುಮ್ನೆ 'ಕ್ರೈಸ್ತ ವ್ಯಂಗ್ಯಚಿತ್ರಕಾರ' ಅನ್ನೋ ಹಣೆಪಟ್ಟಿ ಯಾಕೆ?

ಹಳೇ ನಿಬ್ಬು:
ಒಪ್ಪುತ್ತೇನೆ. ಆದರೆ ಅದಕ್ಕೂ ಮೊದಲು ಕ್ಯಾಲಿಫೋರ್ನಿಯಾದ ಮೆಥಡಿಸ್ಟ್ ಚರ್ಚಿನಲ್ಲಿ ದೊಡ್ಡವರಿಗೆ ಭಾನುವಾರ ಬೈಬಲ್ ಪಾಠ ನಡೆಸಿದವರೂ ಅವರೇ. ಹಣೆಪಟ್ಟಿ ಬೇಡ, ಕೆಲಸ ನೋಡೋಣ. ಪೀನಟ್ಸ್ ಪಾತ್ರಗಳ 1965ರ ಕ್ರಿಸ್ಮಸ್ ಟಿವಿ ಚಿತ್ರದಲ್ಲಿ ಲೈನಸ್ ಲೂಕನ ಸುವಾರ್ತೆ ಓದುವ ದೃಶ್ಯ ಬೇಕೇ ಬೇಕು ಎಂದು ಹಟ ಹಿಡಿದರು. ಟಿವಿಯಲ್ಲಿ ಬೈಬಲ್ ಓದಿಸುವುದಾ ಎಂದು ಜೊತೆಯವರು ಅಂಜಿದರು. ಲೈನಸ್ ಯಾವಾಗಲೂ ಕೈಯಲ್ಲಿ ಹಿಡಿದಿರುವ ಕಂಬಳಿ ಗೊತ್ತಲ್ವಾ? 'ಹೆದರಬೇಡಿರಿ' ಎನ್ನುವಾಗ ಅದು ಕೈಯಿಂದ ಜಾರಿ ಬೀಳುತ್ತದೆ. ಯಾರೂ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಇದಕ್ಕಿಂತ ಒಳ್ಳೆಯ ಉಪದೇಶ ನಾನಂತೂ ಕೇಳಿಲ್ಲ.

ಇನ್ನೊಂದು. 1950ರಿಂದ 2000ದವರೆಗೆ ಪೀನಟ್ಸ್‌ನ 17,897 ಸ್ಟ್ರಿಪ್ (ಚೌಕಗಳ ಸಾಲಿನ ಕಾರ್ಟೂನ್), ಸಹಾಯಕರಿಲ್ಲದೆ ಬರೆದರು. ಅಕ್ಷರವೂ ಅವರದ್ದೇ. ವಯಸ್ಸಾದಂತೆ ಕೈ ನಡುಗಿ ಗೆರೆ ಅಲುಗಿತು, ಆಗಲೂ ಬೇರೆಯವರಿಗೆ ಬಿಡಲಿಲ್ಲ.

ಗೆರೆಪ್ರೇಮಿ:
ಥ್ಯಾಂಕ್ಸ್ ಸರ್. ನಮ್ಮ ಯುವಕರ ಗುಂಪಿನಲ್ಲಿ ಪೆದ್ದುತನಕ್ಕೆ ಬರ ಇಲ್ಲ! ಒಂದು ಸಣ್ಣ ಡೌಟು, ಚಿತ್ರದಲ್ಲಿ ಬೈಬಲ್ ವಚನ ಹಾಕಬಹುದಾ? ಸಂಪಾದಕರು ಕೇಳುತ್ತಿದ್ದಾರೆ.

ಹಳೇ ನಿಬ್ಬು:
ಕೆಳಗೆ ಸಣ್ಣದಾಗಿ ಹಾಕಿ. ಮಾತಿನ ಬಲೂನಿನೊಳಗೆ ಬೇಡ, ಹದಿನೈದರ ಹುಡುಗ ಯಾರೂ ಹಾಗೆ ಮಾತಾಡುವುದಿಲ್ಲ.