ನಿಂತಲ್ಲೇ ‘ಡಿ’ಗೆ ಹಾಕಿದರೆ ಲೊಡಲೊಡ ಶಬ್ದ: ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿಸಲೇಬೇಕೆ?

ಮಲ್ಪೆ ಮೀನುಗಾಡಿ

ಎಲ್ಲರಿಗೂ ನಮಸ್ಕಾರ. ಮಲ್ಪೆ ಬಂದರಿನಿಂದ ಮಂಗಳೂರಿನ ದಕ್ಕೆಗೂ, ವಾರಕ್ಕೆರಡು ಸಲ ಶಿರಾಡಿ ಘಾಟಿ ಹತ್ತಿ ಹಾಸನಕ್ಕೂ ಮೀನು ಸಾಗಿಸುವ ಡೀಸೆಲ್ ಪಿಕಪ್ ಟ್ರಕ್ ನನ್ನದು. 4 ಸಿಲಿಂಡರಿನ ಎಂಜಿನ್, ಎಂಜಿನ್ನಿನ ಬಲವನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ 6 ಗೇರಿನ ಆಟೋಮ್ಯಾಟಿಕ್. ಓಡಿರುವುದು 1,38,000 ಕಿ.ಮೀ.

ಮೂರು ತಿಂಗಳಿಂದ ಗಾಡಿಯ ನಡುಭಾಗದ ಕೆಳಗಿನಿಂದ, ಡಬ್ಬದಲ್ಲಿ ಹುಣಸೆ ಬೀಜ ಹಾಕಿ ಅಲ್ಲಾಡಿಸಿದಂಥ ಶಬ್ದ ಬರುತ್ತಿದೆ. ಬ್ರೇಕ್ ಒತ್ತಿಕೊಂಡು ‘ಡಿ’ಯಲ್ಲಿ, ಅಂದರೆ ಡ್ರೈವ್‌ನಲ್ಲಿ ನಿಂತಾಗ, ಉದಾಹರಣೆಗೆ ಹೆಜಮಾಡಿ ಟೋಲಿನ ಸಾಲಿನಲ್ಲಿ, ಅದು ಅತಿ ಜೋರು. ‘ಎನ್’ಗೆ, ಅಂದರೆ ನ್ಯೂಟ್ರಲ್‌ಗೆ ಹಾಕಿದರೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಎ.ಸಿ. ಹಾಕಿದರೆ ಹೆಚ್ಚುತ್ತದೆ. 1,500 ಆರ್‌ಪಿಎಂ ದಾಟಿದ ಮೇಲೆ ಏನೂ ಕೇಳಿಸದು. ಗೇರ್ ಬದಲಾವಣೆ ನಯವಾಗಿದೆ, ಘಾಟಿಯಲ್ಲಿ ಎಳೆತ ಕಡಿಮೆಯಾಗಿಲ್ಲ, ಸ್ಕ್ಯಾನರ್‌ನಲ್ಲಿ ಯಾವ ದೋಷವೂ ತೋರಿಸುತ್ತಿಲ್ಲ.

ಗೇರ್‌ಬಾಕ್ಸಿನ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿದ್ದಾಯಿತು, ಸೈಲೆನ್ಸರಿನ ರಬ್ಬರುಗಳನ್ನೂ ಬದಲಾಯಿಸಿದ್ದಾಯಿತು, ಫಲವಿಲ್ಲ. ಈಗ ಗ್ಯಾರೇಜಿನವರು ಗೇರ್‌ಬಾಕ್ಸನ್ನೇ ಬಿಚ್ಚಿ ಒಳಗಿನ ಭಾಗಗಳನ್ನು ಹೊಸದು ಮಾಡಬೇಕು, ಒಂದೂವರೆ ಲಕ್ಷ ಆಗಬಹುದು ಎನ್ನುತ್ತಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಆಗ ಗಾಡಿ ನಿಲ್ಲಿಸಬಲ್ಲೆ, ಆದರೆ ಅಷ್ಟು ಹಣ ಸುರಿಯುವ ಮೊದಲು ಬಲ್ಲವರ ಅಭಿಪ್ರಾಯ ಬೇಕು. ಕಳೆದ ವರ್ಷ ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಸೋರಿದ್ದರಿಂದ ಗೇರ್‌ಬಾಕ್ಸ್ ಇಳಿಸಿ ಸೀಲ್ ಹಾಕಿಸಿದ್ದೆ. ಅದಕ್ಕೂ ಇದಕ್ಕೂ ಸಂಬಂಧವಿರಲಾರದು.

ಬೈಕಂಪಾಡಿ ಡೀಸೆಲ್

ಸಂಬಂಧವಿಲ್ಲವೆಂದು ನೀವು ಕೊನೆಯಲ್ಲಿ ಬರೆದ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಶಬ್ದ ಎಲ್ಲಿಂದ ಎಂದು ಹುಡುಕುವ ಮೊದಲು, ಆ ಸ್ಥಿತಿಯಲ್ಲಿ ಯಾವ ಭಾಗ ತಿರುಗುತ್ತಿದೆ, ಯಾವುದು ನಿಂತಿದೆ ಎಂದು ನೋಡಬೇಕು. ಗಾಡಿ ನಿಂತಿರುವಾಗಲೇ ಶಬ್ದ ಬರುತ್ತಿರುವುದರಿಂದ ಜಾಯಿಂಟ್ ಶಾಫ್ಟ್, ಅದರ ಕ್ರಾಸುಗಳು, ಸೆಂಟರ್ ಬೇರಿಂಗ್, ಡಿಫರೆನ್ಷಿಯಲ್ ಇವೆಲ್ಲ ಪಟ್ಟಿಯಿಂದ ಹೊರಗೆ. ಅವು ತಿರುಗುತ್ತಲೇ ಇಲ್ಲ. ಕನ್ವರ್ಟರಿನ ಎರಡು ಬದಿಗಳನ್ನು ಒಂದಾಗಿ ಹಿಡಿಯುವ ಲಾಕ್‌ಅಪ್ ಕ್ಲಚ್ ಅದುರುವುದೂ ಇದಲ್ಲ. ಆ ಕ್ಲಚ್ ಹಿಡಿಯುವುದು ಗಾಡಿ ಓಡುವಾಗ ಮಾತ್ರ, ಅದು ಕೆಟ್ಟರೆ ಸಾಲು ಹಂಪುಗಳ ಮೇಲೆ ಓಡಿಸಿದಂಥ ನಡುಕ ಬರುತ್ತದೆ, ಬ್ರೇಕ್ ಪೆಡಲನ್ನು ಲಘುವಾಗಿ ಮುಟ್ಟಿದರೆ ಲಾಕ್‌ಅಪ್ ಬಿಟ್ಟು ನಡುಕ ನಿಲ್ಲುತ್ತದೆ.

‘ಡಿ’ಯಲ್ಲಿ ಬ್ರೇಕ್ ಒತ್ತಿ ನಿಂತಾಗ ಗೇರ್‌ಬಾಕ್ಸಿನ ಕಡೆ ಎಂಜಿನ್ನಿನ ಜೊತೆಗೆ ತಿರುಗುವುದು ಮೂರು ಮಾತ್ರ: ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕಿಗೂ ಕನ್ವರ್ಟರಿಗೂ ನಡುವಿನ ತೆಳು ಉಕ್ಕಿನ ತಟ್ಟೆಯಾದ ಫ್ಲೆಕ್ಸ್ ಪ್ಲೇಟ್, ಕನ್ವರ್ಟರಿನ ಹೊರಕವಚ, ಮತ್ತು ಅದು ತಿರುಗಿಸುವ ಆಯಿಲ್ ಪಂಪ್. ಕನ್ವರ್ಟರಿನೊಳಗೆ ಗೇರ್‌ಬಾಕ್ಸಿಗೆ ಸೇರಿದ ಚಕ್ರವಾದ ಟರ್ಬೈನ್ ಗಾಲಿಗಳ ಜೊತೆಗೆ ನಿಂತುಬಿಟ್ಟಿರುವುದರಿಂದ ಎಂಜಿನ್ನು ಗೇರ್‌ಬಾಕ್ಸಿನ ಆಯಿಲಿನ ಮೂಲಕ ಅದನ್ನು ತಳ್ಳುತ್ತಲೇ ಇರಬೇಕಾಗುತ್ತದೆ, ಆ ಹೊರೆಯೆಲ್ಲ ಫ್ಲೆಕ್ಸ್ ಪ್ಲೇಟಿನ ಮೂಲಕ ಹಾದುಹೋಗುತ್ತದೆ. ‘ಎನ್’ನಲ್ಲಿ ಟರ್ಬೈನ್ ಜೊತೆಗೇ ತಿರುಗುವುದರಿಂದ ಹೊರೆ ಇಳಿಯುತ್ತದೆ, ನಿಮ್ಮ ಶಬ್ದವೂ ಇಳಿಯುತ್ತದೆ. ಎ.ಸಿ. ಹಾಕಿದಾಗ ಎಂಜಿನ್ ಇನ್ನಷ್ಟು ಏದುಸಿರು ಬಿಡುತ್ತದೆ, ಶಬ್ದ ಏರುತ್ತದೆ. ಪಂಪ್ ಕೆಟ್ಟಿದ್ದರೆ ಸಾಮಾನ್ಯವಾಗಿ ಕೇಳಿಸುವುದು ಕುಂಯ್ ಎಂಬ ಸ್ವರ, ಆರ್‌ಪಿಎಂ ಏರಿದಂತೆ ಅದೂ ಏರುತ್ತದೆ. ನಿಮ್ಮದು 1,500ರ ಮೇಲೆ ಮಾಯವಾಗುತ್ತಿದೆ.

ಹಾಗಾಗಿ ನನ್ನ ಅನುಮಾನ ಫ್ಲೆಕ್ಸ್ ಪ್ಲೇಟಿನ ಬಿರುಕು, ಇಲ್ಲವೇ ಅದಕ್ಕೆ ಕನ್ವರ್ಟರನ್ನು ಬಿಗಿಯುವ ಬೋಲ್ಟುಗಳ ಸಡಿಲ. ಸೀಲ್ ಹಾಕಲು ಗೇರ್‌ಬಾಕ್ಸ್ ಇಳಿಸಿದಾಗ ಇವೆರಡನ್ನೂ ಬಿಚ್ಚಲೇಬೇಕು.

ಗೇರ್‌ಬಾಕ್ಸ್ ಇಳಿಸದೆಯೇ ಪರೀಕ್ಷಿಸಬಹುದು. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಎಂಜಿನ್ನಿಗೆ ಗೇರ್‌ಬಾಕ್ಸ್ ಕೂಡುವಲ್ಲಿನ ಕವಚವಾದ ಬೆಲ್ ಹೌಸಿಂಗಿನ ಕೆಳಗಿನ ತಗಡು ತೆಗೆದು, ಎಂಜಿನ್ನನ್ನು ಸ್ಪ್ಯಾನರಿನಿಂದ ಕೈಯಲ್ಲೇ ತಿರುಗಿಸುತ್ತ ಒಂದೊಂದೇ ಬೋಲ್ಟನ್ನು ನೋಡಲು ಹೇಳಿ. ಬೋಲ್ಟಿನ ಸುತ್ತ ಅಥವಾ ಪ್ಲೇಟಿನ ಮೇಲೆ ಕಂದುಗೆಂಪು ಹುಡಿ ಕಂಡರೆ ಲೋಹಕ್ಕೆ ಲೋಹ ಉಜ್ಜುತ್ತಿದೆ ಎಂದರ್ಥ. ಬಿರುಕು ಹೆಚ್ಚಾಗಿ ಕ್ರ್ಯಾಂಕಿನ ಬೋಲ್ಟುಗಳ ಸುತ್ತ ಹುಟ್ಟುವುದರಿಂದ ಕೆಳಗಿನಿಂದ ಕಾಣದೆಯೂ ಇರಬಹುದು.

ಆಯಿಲ್ ಬದಲಾಯಿಸುವಾಗ ಗೇರ್‌ಬಾಕ್ಸಿನ ತಳದ ಪ್ಯಾನಿನ ಆಯಸ್ಕಾಂತದಲ್ಲಿ ಏನಿತ್ತು? ಹಳೆಯ ಆಯಿಲಿನ ಬಣ್ಣ, ವಾಸನೆ ಹೇಗಿತ್ತು?

ಕಾಪು ದೀಪಸ್ತಂಭ

ಮೇಲಿನ ವಿವರಣೆ ಚೆನ್ನಾಗಿದೆ, ಆದರೂ ನಮ್ಮ ಕರಾವಳಿಯ ಮೀನುಗಾಡಿಗಳ ಮಟ್ಟಿಗೆ ಮೊದಲ ಅಪರಾಧಿ ಸೈಲೆನ್ಸರಿನ ಮೇಲಿನ ಶಾಖ ತಡೆಯುವ ತಗಡು. ಮಂಜುಗಡ್ಡೆ ಕರಗಿದ ಉಪ್ಪುನೀರು ಹಲಗೆಯ ಸಂದಿಯಿಂದ ಚಾಸಿಗೆ ಸುರಿಯುತ್ತಲೇ ಇರುತ್ತದೆ, ಬೋಲ್ಟಿನ ತಲೆ ನೆಟ್ಟಗೆ ಕಂಡರೂ ಕುತ್ತಿಗೆ ತುಕ್ಕು ತಿಂದಿರುತ್ತದೆ. ನೀವು ರಬ್ಬರ್ ಬದಲಾಯಿಸಿದ್ದೀರಿ, ತಗಡಿನ ಮಾತೇ ಎತ್ತಿಲ್ಲ. ಒಬ್ಬರು ಬ್ರೇಕ್ ಒತ್ತಿ ಒಳಗೆ ಕುಳಿತಿರಲಿ, ಗಾಲಿಗಳಿಗೆ ಅಡ್ಡಗಲ್ಲು ಇಟ್ಟು, ಇನ್ನೊಬ್ಬರು ಪಕ್ಕದಿಂದ ಉದ್ದನೆಯ ಮರದ ಕೋಲಿನಿಂದ ತಗಡನ್ನು ಒತ್ತಿ ಹಿಡಿಯಲಿ. ಶಬ್ದ ನಿಂತರೆ ಇಪ್ಪತ್ತು ರೂಪಾಯಿಯ ಕ್ಲಿಪ್ಪಿನಲ್ಲಿ ಕೆಲಸ ಮುಗಿಯಿತು. ಅದಲ್ಲವಾದರೆ ಒಮ್ಮೆ ಸ್ಟಾಲ್ ಟೆಸ್ಟ್ ಮಾಡಿಸಿ, ಕನ್ವರ್ಟರಿನ ಆರೋಗ್ಯ ಗೊತ್ತಾಗುತ್ತದೆ.

ಬೈಕಂಪಾಡಿ ಡೀಸೆಲ್

ತಗಡಿನ ವಿಷಯ ಒಪ್ಪಿದೆ, ಅದನ್ನೇ ಮೊದಲು ಮಾಡಲಿ. ಸ್ಟಾಲ್ ಟೆಸ್ಟ್ ಮಾತ್ರ ಈಗ ಬೇಡ ಮಾರಾಯರೇ. ಬ್ರೇಕ್ ಕಟ್ಟಿ ಎಕ್ಸಲರೇಟರ್ ಪೂರ್ತಿ ಒತ್ತುವ ಆ ಪರೀಕ್ಷೆಯನ್ನು ಗಟ್ಟಿ ಗಾಡಿಯಲ್ಲೂ 5 ಸೆಕೆಂಡಿಗಿಂತ ಹೆಚ್ಚು ಮಾಡಬಾರದು. ಬಿರುಕು ಬಿಟ್ಟಿರಬಹುದಾದ ಪ್ಲೇಟಿನ ಮೇಲೆ ಮಾಡಿದರೆ ಅಲ್ಲೇ ಎರಡು ತುಂಡಾಗಬಹುದು.

ಕುಂದಾಪುರದ ಓದುಗ

ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಲ್ಲಿ ಒಂದು ಸೊರಗಿದ್ದರೂ ಎಂಜಿನ್ ಐಡಲ್‌ನಲ್ಲಿ, ಅಂದರೆ ಎಕ್ಸಲರೇಟರ್ ಒತ್ತದೆ ಓಡುವಾಗ ಕುಂಟುತ್ತದೆ, ಆ ಕುಂಟುವಿಕೆ ಬೇರೆ ಸಡಿಲ ಭಾಗಗಳನ್ನು ಕುಣಿಸುತ್ತದೆ. ಸ್ಕ್ಯಾನರಿನಲ್ಲಿ ಸಿಲಿಂಡರುವಾರು ಇಂಧನ ತಿದ್ದುಪಡಿಯ ಅಂಕಿಗಳನ್ನು ನೋಡಿಸಿ. ದೋಷದ ಕೋಡ್ ಇಲ್ಲವೆಂದ ಮಾತ್ರಕ್ಕೆ ಆ ಅಂಕಿಗಳು ಸರಿಯಿವೆ ಎಂದಲ್ಲ.

ಮಲ್ಪೆ ಮೀನುಗಾಡಿ

ಎಲ್ಲರಿಗೂ ಕೃತಜ್ಞತೆಗಳು. ಹನ್ನೆರಡು ದಿನ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಸೈಲೆನ್ಸರಿನ ತಗಡು ನಿಜಕ್ಕೂ ಒಂದು ಬದಿಯಲ್ಲಿ ಕಳಚಿತ್ತು. ಬಿಗಿದ ಮೇಲೆ ಚಿರ್ ಎನ್ನುವ ಒಂದು ಸಣ್ಣ ಶಬ್ದ ಹೋಯಿತು, ಹುಣಸೆ ಬೀಜ ಉಳಿಯಿತು. ಅಂದರೆ ಅಲ್ಲಿ ಎರಡು ಶಬ್ದಗಳಿದ್ದವು, ನಾನು ಒಂದೆಂದೇ ಕೇಳಿಸಿಕೊಳ್ಳುತ್ತಿದ್ದೆ. ಇಂಧನದ ಅಂಕಿಗಳು ನಾಲ್ಕೂ ಸಿಲಿಂಡರಿನಲ್ಲಿ ಹತ್ತಿರಹತ್ತಿರವಿದ್ದವು. ಪ್ಯಾನಿನ ಆಯಸ್ಕಾಂತದಲ್ಲಿ ತೆಳು ಬೂದು ಲೇಪ ಮಾತ್ರವಿತ್ತು, ಚೂರುಗಳಿರಲಿಲ್ಲ. ಆಯಿಲ್ ಕಂದಾಗಿತ್ತು, ಸುಟ್ಟ ವಾಸನೆಯಿರಲಿಲ್ಲ. ನೀರು ಸೇರಿದರೆ ಆಯಿಲ್ ಬೀಟ್‌ರೂಟ್ ತಂಬುಳಿಯಂತೆ ಕಾಣುತ್ತದೆ ಎಂದು ಕೇಳಿದ್ದೆ, ಹಾಗೂ ಇರಲಿಲ್ಲ.

ಬೇರೊಂದು ಗ್ಯಾರೇಜಿನಲ್ಲಿ ಬೆಲ್ ಹೌಸಿಂಗಿನ ಕೆಳಗಿನ ತಗಡು ತೆಗೆಸಿದಾಗ ಕನ್ವರ್ಟರಿನ 6 ಬೋಲ್ಟುಗಳೂ ಬಿಗಿಯಾಗಿದ್ದವು, ಆದರೆ ಒಳಗೆಲ್ಲ ಕಂದುಗೆಂಪು ಹುಡಿ. ಅದನ್ನು ಕಂಡ ಮೇಲೆಯೇ ಗೇರ್‌ಬಾಕ್ಸ್ ಇಳಿಸಲು ಒಪ್ಪಿದೆ. ಫ್ಲೆಕ್ಸ್ ಪ್ಲೇಟಿನಲ್ಲಿ ಕ್ರ್ಯಾಂಕಿನ ಬೋಲ್ಟುಗಳ ಸುತ್ತ ಅರ್ಧಚಂದ್ರದಷ್ಟು ಬಿರುಕು! ಎಂಜಿನ್ನಿಗೂ ಬೆಲ್ ಹೌಸಿಂಗಿಗೂ ನಡುವೆ ಎರಡು ಡೋವೆಲ್ ಪಿನ್ನುಗಳಿರಬೇಕಿತ್ತು, ಒಂದೇ ಇತ್ತು.

ಬೈಕಂಪಾಡಿ ಡೀಸೆಲ್

ಆ ಪಿನ್ನೇ ಕಾರಣವೆಂದು ಹೇಳಬಹುದು. ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುರೇಖೆಗಳನ್ನು ಒಂದಾಗಿ ಹಿಡಿಯುವುದು ಬೋಲ್ಟುಗಳಲ್ಲ, ಆ ಪಿನ್ನುಗಳು. ಒಂದು ಇಲ್ಲವಾದರೆ ಕೂದಲೆಳೆಯಷ್ಟು ಓರೆಯಾಗಿ ಕುಳಿತ ಗೇರ್‌ಬಾಕ್ಸ್ ಪ್ರತಿ ಸುತ್ತಿಗೂ ಪ್ಲೇಟನ್ನು ಒಮ್ಮೆ ಬಗ್ಗಿಸುತ್ತದೆ. 800 ಆರ್‌ಪಿಎಂನಲ್ಲಿ ಒಂದು ಗಂಟೆ ನಿಂತರೆ 48,000 ಸಲ ಬಗ್ಗಿತು. ತಂತಿಯನ್ನು ಹಿಂದೆಮುಂದೆ ಬಗ್ಗಿಸಿ ಮುರಿದಂತೆಯೇ. ಐಡಲ್‌ನಲ್ಲಿ ಒಂದೊಂದು ಸಿಲಿಂಡರಿನ ಹೊಡೆತಕ್ಕೂ ಬಿರುಕಿನ ಅಂಚುಗಳು ತೆರೆದು ಮುಚ್ಚುತ್ತ ಲೊಡಲೊಡ ಎನ್ನುತ್ತವೆ, ಎಂಜಿನ್ ವೇಗವಾದಾಗ ಹೊಡೆತಗಳ ಅಂತರ ಕಡಿಮೆಯಾಗಿ ಎಳೆತ ಸಮವಾಗುವುದರಿಂದ ಶಬ್ದ ಅಡಗುತ್ತದೆ.

ಜೋಡಿಸುವಾಗ ಕನ್ವರ್ಟರನ್ನು ತಿರುಗಿಸುತ್ತ ಒಳಕ್ಕೆ ತಳ್ಳಿ ಪಂಪಿನಲ್ಲಿ ಪೂರ್ತಿ ಕೂರಿಸಬೇಕು. ಬೆಲ್ ಹೌಸಿಂಗ್ ಎಂಜಿನ್ನಿಗೆ ತಾಗಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗುತ್ತಿರಬೇಕು. ತಿರುಗದಿದ್ದರೆ ಬೋಲ್ಟ್ ಬಿಗಿದು ಎಳೆಯಲು ಬಿಡಬೇಡಿ, ಪಂಪ್ ಒಡೆಯುತ್ತದೆ. ಪ್ಲೇಟಿನ ಬೋಲ್ಟುಗಳು ಹೊಸವಿರಲಿ, ಟಾರ್ಕ್ ರೆಂಚಿನಲ್ಲೇ ಬಿಗಿಯಲಿ.

ಮಲ್ಪೆ ಮೀನುಗಾಡಿ

ಹಾಗೆಯೇ ಮಾಡಿಸಿದೆ, ಪಿನ್ನುಗಳೆರಡನ್ನೂ ಹೊಸದಾಗಿ ಹಾಕಿಸಿದೆ. ಪ್ಲೇಟ್, ಸೀಲ್, ಆಯಿಲ್, ಕೂಲಿ ಎಲ್ಲ ಸೇರಿ ಮೊದಲು ಹೇಳಿದ ಮೊತ್ತದ ಕಾಲು ಭಾಗವೂ ಆಗಲಿಲ್ಲ. ನಿನ್ನೆ ಹೆಜಮಾಡಿ ಟೋಲಿನ ಸಾಲಿನಲ್ಲಿ ‘ಡಿ’ಯಲ್ಲೇ ನಿಂತು, ಎ.ಸಿ. ಹಾಕಿ, ಕಿಟಕಿ ಇಳಿಸಿ ಕಿವಿಗೊಟ್ಟೆ. ಹಿಂದಿನ ಬಸ್ಸಿನವನ ಹಾರ್ನ್ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.