ಎಲೆ ಅಂಚಿನ ಮರಿಗೆ ಬೇರು ಬರಿಸುವ ಪುಡಿ ಹಚ್ಚಬಹುದಾ?

ಮಡಿಕೇರಿಯಿಂದ ಪ್ರಶ್ನೆ: ಕುಂಡದಲ್ಲಿ ಕಾಡುಬಸಳೆ ಇದೆ, ಪಕ್ಕದಲ್ಲೇ ಮದರ್ ಆಫ್ ಥೌಸಂಡ್ಸ್ ಇದೆ. ಬೇಸಿಗೆಯಲ್ಲಿ ಇದರ ಎಲೆ ಅಂಚಿನ ತುಂಬಾ ಮರಿಗಿಡಗಳಿದ್ದವು. ಈಗ ಡಿಸೆಂಬರ್, ಹೊಸ ಎಲೆಗಳೆಲ್ಲ ಖಾಲಿ. ಕಾಡುಬಸಳೆಯಲ್ಲಂತೂ ಮರಿ ಬಂದೇ ಇಲ್ಲ. ಮೆಣಸಿನ ಬಳ್ಳಿಗೆ ತಂದ ಬೇರು ಬರಿಸುವ ಪುಡಿ ಉಳಿದಿದೆ, ಹಚ್ಚಲಾ? ಮಾಡಿ ನೋಡಿದವರು ಹೇಳಿ.

ಸೋಮವಾರಪೇಟೆಯಿಂದ: ಅಕ್ಕ, ದಯವಿಟ್ಟು ಹಚ್ಚಬೇಡಿ. ಆ ಪುಡಿಯಲ್ಲಿರುವುದು ಆಕ್ಸಿನ್ ಜಾತಿಯ ಹಾರ್ಮೋನ್. ಬೇರು ಬರಿಸಲು ಒಳ್ಳೆಯದು, ಮೊಗ್ಗನ್ನು ಮಾತ್ರ ತಡೆಯುತ್ತದೆ. ಮೊಗ್ಗು ಎಬ್ಬಿಸುವುದು ಸೈಟೊಕೈನಿನ್ ಅನ್ನುವ ಇನ್ನೊಂದು ಹಾರ್ಮೋನ್. ಕಾಡುಬಸಳೆಗೆ ಎರಡೂ ಬೇಡ. ಎಲೆ ಅಂಚಿನ ಒಂದೊಂದು ಕಚ್ಚಿನಲ್ಲೂ ಮೊಳಕೆ ಮೊದಲೇ ಕೂತಿರುತ್ತದೆ. ಎಲೆ ಗಿಡದಲ್ಲಿ ಇರುವಷ್ಟು ದಿನ ಗಿಡವೇ ಅದನ್ನು ತಡೆದಿಟ್ಟಿರುತ್ತದೆ. ಬಲಿತ ಎಲೆ ಕಿತ್ತು ಒದ್ದೆ ಮರಳಿನ ಮೇಲೆ ಸುಮ್ನೆ ಮಲಗಿಸಿ. ಕಚ್ಚಿನಿಂದ ಬಿಳಿ ನೂಲಿನಂಥ ಬೇರು ಇಳಿಯುತ್ತದೆ, ಬುಡದಲ್ಲಿ ಒಂದು ಜೋಡಿ ಪುಟ್ಟ ಎಲೆ ಬಿಚ್ಚಿಕೊಳ್ಳುತ್ತದೆ. ಇಡೀ ಎಲೆ ಇಟ್ಟರೆ ಕೆಲವು ಕಚ್ಚುಗಳು ಮಾತ್ರ ಮುಂದೆ ಹೋಗುತ್ತವೆ, ಉಳಿದವು ನಿಂತುಬಿಡುತ್ತವೆ. ಕಚ್ಚಿಗೊಂದರಂತೆ ತುಂಡು ಮಾಡಿದರೆ ಜಾಸ್ತಿ ಮರಿ ಸಿಗುತ್ತವೆ. ನೂರು ವರ್ಷದ ಹಿಂದೆ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಜ್ಞಾನಿ ಜಾಕ್ ಲೋಬ್ ಇದೇ ಗಿಡದ ಎಲೆ ಕತ್ತರಿಸಿ ಇದನ್ನು ತೋರಿಸಿದ್ದರು. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಮಾತ್ರ ಬೇಡ, ಎಲೆ ಕೊಳೆತುಹೋಗುತ್ತದೆ.

ವಿರಾಜಪೇಟೆಯಿಂದ: ಮದರ್ ಆಫ್ ಥೌಸಂಡ್ಸ್ ಕಥೆ ಬೇರೆ. ಅದು ಎಲೆ ಕೀಳುವವರೆಗೆ ಕಾಯುವುದಿಲ್ಲ, ಹಗಲು ಉದ್ದ ಇದ್ದರೆ ಗಿಡದಲ್ಲೇ ಮರಿ ಬಿಡುತ್ತದೆ. ನಮ್ಮ ಕೊಡಗಲ್ಲಿ ಜೂನ್‌ನಲ್ಲಿ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್‌ನಲ್ಲಿ ಹನ್ನೊಂದೂವರೆ ಗಂಟೆಯೂ ಇಲ್ಲ. ವ್ಯತ್ಯಾಸ ಸಣ್ಣದು ಅನ್ನಿಸುತ್ತದೆ ಅಲ್ವಾ? ಗಿಡಕ್ಕೆ ಅಷ್ಟು ಸಾಕು. ನಾನು ಕುಂಡವನ್ನು ಜಗಲಿ ಬಲ್ಬಿನ ಕೆಳಗಿಟ್ಟು, ರಾತ್ರಿ ಮಲಗುವವರೆಗೂ ಬಲ್ಬು ಉರಿಸುತ್ತೇನೆ. ಆಮೇಲೆ ಬರುವ ಎಲೆಗಳ ಅಂಚಿನಲ್ಲಿ ಮರಿ ಕೂರುತ್ತವೆ. ಖಾಲಿ ಬಲಿತ ಎಲೆಗಳು ಖಾಲಿಯೇ ಉಳಿಯುತ್ತವೆ, ಅವುಗಳ ಮೇಲೆ ಆಸೆ ಬೇಡ. ಇನ್ನೊಂದು ವಿಷಯ. ಉದ್ದ ಹಗಲು ಕಂಡ ಗಿಡಕ್ಕೆ ಆಮೇಲೆ ಗಿಡ್ಡ ಹಗಲು ಬಂದರೆ ಅದು ಹೂವಿಗೆ ಹೊರಡುತ್ತದೆ. ಹೂವು ಬೇಕಿದ್ದರೆ ಬಲ್ಬು ಹಾಕಬೇಡಿ.

ಗೋಣಿಕೊಪ್ಪಲಿನಿಂದ: ಬಿಗೋನಿಯಾ ಇರುವವರು ಇದನ್ನೇ ಅನುಸರಿಸಬೇಡಿ. ಚಳಿಗಾಲದಲ್ಲಿ ಹೂ ಬಿಡುವ ಬಿಗೋನಿಯಾದ ಕಿತ್ತ ಎಲೆಯಲ್ಲಿ ಮೊಗ್ಗು ಚೆನ್ನಾಗಿ ಏಳುವುದು ಗಿಡ್ಡ ಹಗಲು, ತಂಪು ಹವೆಯಲ್ಲಿ. ಮತ್ತೆ ಅಕ್ಕ, ಉದುರಿದ ಮರಿಗಳನ್ನು ದನ ಬಿಡುವ ಬಾಣೆಗೆ ಎಸೆಯಬೇಡಿ. ಈ ಎರಡೂ ಗಿಡ ದನಗಳಿಗೆ ವಿಷ.