ಹಳೆಯ ಪಿಕಪ್: ಬಾಕ್ಸ್‌ನ ಸ್ಕ್ರೂ ಬಿಗಿ ಮಾಡಿದರೂ ಸ್ಟಿಯರಿಂಗ್ ಸಡಿಲವಾಗಿಯೇ ಇದೆ

ಪ್ರಶ್ನೆ

ನನ್ನದು ಮುಂದೆ ಒಂದೇ ಗಟ್ಟಿ ಆಕ್ಸಲ್ ಹಾಗೂ ಲೀಫ್ ಸ್ಪ್ರಿಂಗ್ ಇರುವ, ಪವರ್ ಸ್ಟಿಯರಿಂಗ್ ಇಲ್ಲದ ಹಳೆಯ ಪಿಕಪ್. ನೇರ ರಸ್ತೆಯಲ್ಲಿ ಸ್ಟಿಯರಿಂಗನ್ನು ಸುಮಾರು 3 ಅಂಗುಲ ಆಚೀಚೆ ಆಡಿಸಿದರೂ ಗಾಡಿ ದಿಕ್ಕು ಬದಲಿಸುವುದಿಲ್ಲ. ಹೊಂಡ ಹಾರಿದರೆ ತಾನಾಗಿಯೇ ಒಂದು ಬದಿಗೆ ಎಳೆಯುತ್ತದೆ. ಪರಿಚಿತರೊಬ್ಬರ ಸಲಹೆಯಂತೆ ಸ್ಟಿಯರಿಂಗ್ ಬಾಕ್ಸ್‌ನ (ಸ್ಟಿಯರಿಂಗ್ ತಿರುವನ್ನು ಚಕ್ರಗಳ ಕಡೆಗೆ ದಾಟಿಸುವ ಗೇರ್ ಪೆಟ್ಟಿಗೆ) ಮೇಲಿನ ಸ್ಕ್ರೂವನ್ನು ಅರ್ಧ ಸುತ್ತು ಬಿಗಿ ಮಾಡಿದೆ. ಆಗಿನಿಂದ ಸ್ಟಿಯರಿಂಗ್ ಭಾರವಾಗಿದೆ, ತಿರುವು ಮುಗಿದ ಮೇಲೆ ಮಧ್ಯಕ್ಕೆ ಮರಳುವುದಿಲ್ಲ, ಪ್ಲೇ (ಸಡಿಲು) ಮಾತ್ರ ಪೂರ್ತಿ ಹೋಗಿಲ್ಲ. ಮುಂದೇನು ಮಾಡಬೇಕು?

ಉತ್ತರ 1

ದಯವಿಟ್ಟು ಗಾಡಿಯನ್ನು ರಸ್ತೆಗೆ ಇಳಿಸುವ ಮೊದಲು ಆ ಸ್ಕ್ರೂವನ್ನು ಹಿಂದಿನ ಜಾಗಕ್ಕೇ ತನ್ನಿ. ಗಾಡಿ ಹೆಚ್ಚಾಗಿ ನೇರವಾಗಿ ಓಡುವುದರಿಂದ ಬಾಕ್ಸ್‌ನೊಳಗಿನ ಹಲ್ಲುಗಳು ಮಧ್ಯದಲ್ಲೇ ಜಾಸ್ತಿ ಸವೆದಿರುತ್ತವೆ. ಆ ಸವೆದ ಜಾಗದ ಸಡಿಲು ಹೋಗುವಷ್ಟು ಬಿಗಿ ಮಾಡಿದರೆ, ಸವೆಯದ ಬದಿಗಳಲ್ಲಿ ಹಲ್ಲು ಹಿಡಿದುಕೊಂಡು ಸ್ಟಿಯರಿಂಗ್ ಮರಳದಂತಾಗುತ್ತದೆ. ಇದು ಸಡಿಲಿಗಿಂತ ಅಪಾಯಕರ.

ಪ್ಲೇ ಎಲ್ಲಿದೆ ಎಂದು ಕಣ್ಣಾರೆ ನೋಡದೆ ಏನನ್ನೂ ಬಿಗಿ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂದಿನ ಚಕ್ರಗಳು ನೆಲದ ಮೇಲೇ ಇರುವಾಗ, ಒಬ್ಬರು ಒಳಗೆ ಕುಳಿತು ಸ್ಟಿಯರಿಂಗನ್ನು ಪ್ಲೇ ಇರುವಷ್ಟೇ ಆಚೀಚೆ ಆಡಿಸುತ್ತಿರಲಿ. ನೀವು ಕೆಳಗಿನಿಂದ ಸ್ಟಿಯರಿಂಗ್ ಕಂಬಿಯ ಜಾಯಿಂಟ್, ಬಾಕ್ಸ್, ಪಿಟ್‌ಮ್ಯಾನ್ ಆರ್ಮ್ (ಬಾಕ್ಸ್‌ನಿಂದ ಹೊರಬರುವ ತೋಳು), ಡ್ರ್ಯಾಗ್ ಲಿಂಕ್ (ಆ ತೋಳಿನಿಂದ ಚಕ್ರದ ಕಡೆಗೆ ಹೋಗುವ ಕಂಬಿ), ಟೈ ರಾಡ್ ಎಂಡ್‌ಗಳು (ಮುಂದಿನ ಎರಡೂ ಚಕ್ರಗಳನ್ನು ಜೋಡಿಸುವ ಕಂಬಿಯ ತುದಿಯ ಜಾಯಿಂಟ್‌ಗಳು) ಎಂಬ ಕ್ರಮದಲ್ಲಿ ನೋಡುತ್ತ ಬನ್ನಿ. ಒಂದು ಭಾಗ ಅಲುಗಿ ಅದರ ಮುಂದಿನದು ಸುಮ್ಮನಿದ್ದರೆ ದೋಷ ಆ ಎರಡರ ನಡುವೆ ಇದೆ. ಕಣ್ಣಿಗೆ ತಿಳಿಯದಿದ್ದರೆ ಜಾಯಿಂಟ್‌ನ ಎರಡೂ ಭಾಗಗಳನ್ನು ಮುಟ್ಟುವಂತೆ ಬೆರಳನ್ನು ಮೇಲೆ ಅಡ್ಡ ಇಡಿ. ಸವೆದ ಜಾಯಿಂಟ್‌ನ ‘ಟಕ್’ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಉತ್ತರ 2

ಮೇಲಿನ ಮಾತು ಸರಿ, ಆದರೆ ಹೊಂಡದಲ್ಲಿ ಎಳೆಯುತ್ತದೆ ಎಂದಿರುವುದರಿಂದ ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಗೂಟ) ಮತ್ತು ವೀಲ್ ಬೇರಿಂಗ್‌ಗಳನ್ನೂ ನೋಡಲೇಬೇಕು. ಆಕ್ಸಲ್‌ಗೆ ಜ್ಯಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿದ ಬಳಿಕ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಅಲುಗಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ನೋಡಿ: ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್ ಬುಷ್.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬೇರಿಂಗ್, ಕಿಂಗ್ ಪಿನ್ ಎರಡೂ ಚೆನ್ನಾಗಿವೆ. ಆದರೆ ಸ್ಟಿಯರಿಂಗ್ ಆಡಿಸಿದಾಗ ಪಿಟ್‌ಮ್ಯಾನ್ ಆರ್ಮ್ ತಿರುಗುವುದಕ್ಕೆ ಮೊದಲು ಬಾಕ್ಸೇ ಉಗುರಿನ ದಪ್ಪದಷ್ಟು ಚಾಸಿಯಿಂದ ಏಳುತ್ತಿತ್ತು. ಒಂದು ಬೋಲ್ಟಿನ ತಲೆಯ ಸುತ್ತ ಕುಂಕುಮದಂತೆ ತುಕ್ಕಿನ ಪುಡಿ ಉದುರಿತ್ತು. ಡ್ರ್ಯಾಗ್ ಲಿಂಕ್‌ನ ಮುಂದಿನ ಜಾಯಿಂಟ್‌ನ ರಬ್ಬರ್ ಹರಿದು, ಒಳಗೆ ಗ್ರೀಸಿನ ಬದಲು ಮಣ್ಣೇ ತುಂಬಿದೆ. ಬದಲಿಸುವಾಗ ಏನನ್ನು ಗಮನಿಸಬೇಕು?

ಉತ್ತರ 1

ಬೋಲ್ಟ್ ಬಿಗಿ ಮಾಡುವ ಮೊದಲು ಅದನ್ನು ಬಿಚ್ಚಿ, ಚಾಸಿಯ ರಂಧ್ರದ ಸುತ್ತ ವೈರ್ ಬ್ರಷ್‌ನಿಂದ ಉಜ್ಜಿ, ಬಿರುಕು ಬಿಟ್ಟಿದೆಯೇ ಎಂದು ಬೆಳಕು ಹಿಡಿದು ನೋಡಿ; ಬಿರುಕಿದ್ದರೆ ನುರಿತ ವೆಲ್ಡರ್ ಸರಿಪಡಿಸುವವರೆಗೆ ಗಾಡಿ ಓಡಿಸಬೇಡಿ. ಡ್ರ್ಯಾಗ್ ಲಿಂಕ್ ತೆಗೆಯುವ ಮೊದಲು ಅದರ ಉದ್ದವನ್ನು ಅಳೆದು ಬರೆದಿಡಿ, ಏಕೆಂದರೆ ಉದ್ದ ಬದಲಾದರೆ ನೇರ ಓಟದಲ್ಲಿ ಸ್ಟಿಯರಿಂಗ್ ಓರೆಯಾಗಿ ನಿಲ್ಲುತ್ತದೆ. ಟೈ ರಾಡ್ ಮುಟ್ಟದಿದ್ದರೆ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಕೆಡುವುದಿಲ್ಲ. ಹೊಸ ಜಾಯಿಂಟ್‌ನ ನಟ್ಟಿನ ಸೀಳಿಗೆ ಸ್ಪ್ಲಿಟ್ ಪಿನ್ (ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಕವಲು ಪಿನ್) ಸೇರದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿ ಮಾಡಿ ಹೊಂದಿಸಿ, ಎಂದಿಗೂ ಹಿಂದಕ್ಕೆ ತಿರುಗಿಸಬೇಡಿ. ಹಳೆಯ ಪಿನ್ ಮತ್ತೆ ಹಾಕಬೇಡಿ.

ಇಷ್ಟಾದ ಮೇಲೂ ಪ್ಲೇ ಉಳಿದಿದ್ದರೆ ಮಾತ್ರ ಸ್ಕ್ರೂ ಕಡೆಗೆ ಹೋಗಿ. ಡ್ರ್ಯಾಗ್ ಲಿಂಕ್ ಕಳಚಿ, ಬಾಕ್ಸನ್ನು ಸರಿಯಾಗಿ ಮಧ್ಯಕ್ಕೆ ತಂದು, ಒಮ್ಮೆಗೆ ಸುತ್ತಿನ ಎಂಟನೇ ಒಂದು ಭಾಗ ಮಾತ್ರ ತಿರುಗಿಸಿ, ಪ್ರತಿ ಸಲವೂ ಸ್ಟಿಯರಿಂಗನ್ನು ಎರಡೂ ತುದಿಗೆ ಮೆಲ್ಲಗೆ ಒಯ್ದು ಎಲ್ಲಿಯೂ ಹಿಡಿಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕೊನೆಗೆ ಬಾಕ್ಸ್ ಬೋಲ್ಟಿನ ತಲೆಯಿಂದ ಚಾಸಿಯವರೆಗೆ ಬಣ್ಣದ ಒಂದು ಗೆರೆ ಎಳೆದಿಡಿ. ಬೋಲ್ಟ್ ತಿರುಗಿ ಸಡಿಲವಾದರೆ ಗೆರೆ ತುಂಡಾಗಿ ಕಾಣುತ್ತದೆ.